ಕಿಟಕಿಗೆ ಇನ್ನೊಂದು ಹೆಸರು

"ಶುಬ್ಬಾಕ್ ಅಲ್ಲಮ್ಮ, ನಾಫಿದ!" ಎಂದಳು ಮಗಳು. ಚಳಿ ಬರುತ್ತಿದೆ, ಕಿಟಕಿ ಮುಚ್ಚು ಎಂದು ತಾಯಿ ತನ್ನ ಅರಬ್ಬಿಯಲ್ಲಿ ಹೇಳಿದ್ದಳು, ಅಷ್ಟೇ. ಮಗಳ ಜಡೆ ಹೆಣೆಯುತ್ತಿದ್ದ ಅವಳ ಕೈ ಅಲ್ಲೇ ನಿಂತಿತು.

"ಯಾರೇ ಹೇಳಿದ್ದು?"

"ಅರಬ್ಬಿ ಟೀಚರ್. ನೀನು ಆಡೋದು ಬರೀ ಮನೆ ಮಾತಂತೆ. ಪುಸ್ತಕದಲ್ಲಿ ಇರೋದೇ ಸರಿಯಂತೆ."

ಗಂಡ ತೀರಿಕೊಂಡ ಮೇಲೆ ಈ ಪರದೇಶದಲ್ಲಿ ಅವಳೊಡನೆ ಅರಬ್ಬಿ ಆಡುವವಳು ಮಗಳೊಬ್ಬಳೇ. ಹಗಲೆಲ್ಲ ಲಾಂಡ್ರಿಯಲ್ಲಿ ತುಟಿ ಬಿಚ್ಚದೆ ಇಸ್ತ್ರಿ ಮಾಡಿ, ಮನೆಗೆ ಬಂದು ಬಾಯಿ ತುಂಬ ಮಾತಾಡುತ್ತಿದ್ದಳು. ಮಗಳಿಗೆ ಭಾಷೆ ಮರೆತುಹೋಗದಿರಲೆಂದು ಶಾಲೆಯ ಅರಬ್ಬಿ ತರಗತಿಗೆ ಸೇರಿಸಿದವಳೂ ಅವಳೇ.

"ನಾಫಿದ," ಎಂದಳು ತಾಯಿ, ತಡವರಿಸುತ್ತ.

"ಶಾಭಾಷ್!" ಮಗಳು ಥೇಟ್ ಟೀಚರ್ ಹಾಗೆ ಚಪ್ಪಾಳೆ ತಟ್ಟಿದಳು. ಜಡೆ ಮುಗಿದದ್ದೇ ತಡ, ಬ್ಯಾಗು ಏರಿಸಿಕೊಂಡು ಬಾಗಿಲಿಗೆ ಓಡಿದಳು. ಅಲ್ಲಿ ನಿಂತು, ದಿನವೂ ಹೊರಡುವಾಗ ಸಿಗುವ ಮುದ್ದಿನ ಮಾತಿಗಾಗಿ ತಿರುಗಿ ನೋಡಿದಳು.

ಅದು ತಾಯಿಗೆ ತನ್ನ ತಾಯಿಯಿಂದ ಬಂದ ಮಾತು. ನಾಲಿಗೆಯ ತುದಿಗೂ ಬಂತು. ಪುಸ್ತಕದಲ್ಲಿ ಅದಕ್ಕೆ ಏನನ್ನುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಸುಮ್ಮನೆ ಕೈ ಬೀಸಿದಳು.