ಹೊಂದುವ ಬಣ್ಣ

ಹೆಬ್ಬೆರಳೆತ್ತರದ ಗೊಂಬೆಗಳಿಗೆ ಬಣ್ಣ ಹಚ್ಚುವುದು ಚಿದಾನಂದನ ಕಸುಬು. ಅವನು ವರ್ಷಗಳಿಂದ ಬಳಸುತ್ತಿದ್ದ ಮೈಬಣ್ಣದ ಬಾಟಲಿ ಅಂಗಡಿಗೆ ಬರುವುದೇ ನಿಂತುಹೋಗಿತ್ತು. ಬೇರೆ ಕಂಪನಿಯ ಅಕ್ರಿಲಿಕ್ ಬಣ್ಣಗಳನ್ನು ಹನಿಹನಿಯಾಗಿ ಬೆರೆಸಿ, ರಟ್ಟಿನ ಮೇಲೆ ಒಣಗಿಸಿ ನೋಡಿ, ಅದಕ್ಕೆ ಸಮನಾದದ್ದನ್ನು ಹುಡುಕಲು ನಾಲ್ಕು ದಿನ ಹಿಡಿಯಿತು. ಆ ಬಣ್ಣ ಹಚ್ಚಿದ ಗಂಡಹೆಂಡಿರ ಜೋಡಿಗೊಂಬೆಯನ್ನು, ಮದುವೆಯ ವಾರ್ಷಿಕೋತ್ಸವಕ್ಕೆಂದು ಗಂಡನೇ ಬಂದು ಒಯ್ದಿದ್ದ.

ಮರುದಿನ ಹೆಂಡತಿ ಮುಖದ ತುಂಬ ಸೆರಗು ಹೊದ್ದು ಬಂದು, ಗೊಂಬೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಈ ಮುಖಾ ಯಾರದ್ರೀ?"

"ನಿಮ್ದರೀ. ನಿಮ್ಮ ಯಜಮಾನ್ರು ಕೊಟ್ಟ ಫೋಟೋ ನೋಡೇ ಹಚ್ಚೇನಿ. ನಾಕ್ ದಿನಾ ಕುಂತು ಹೊಂದಿಸಿದ ಬಣ್ಣಾ ಅದು, ಹಿಂಗ ಕುಕ್ಕಬ್ಯಾಡ್ರಿ."

ಆಕೆ ಸೆರಗು ಸರಿಸಿದಳು. ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಚರ್ಮ ಸುಟ್ಟು ಸುಕ್ಕುಗಟ್ಟಿತ್ತು.

"ಈಗ ಹೊಂದಸ್ರಿ."

"ನಿಮ್ಮ ಯಜಮಾನ್ರು ಜಗಳಾ ತಗೀತಾರ್ರೀ."

"ಅವನಕಿಂತ ಮೊದಲ ನಾ ತಗೀತೇನಿ. ಹಚ್ಚಿಕೊಡೂತನಕ ಇಲ್ಲಿಂದ ಏಳಂಗಿಲ್ಲ."

ಚಿದಾನಂದ ಸಿಟ್ಟಿನಿಂದಲೇ ಬಾಟಲಿಗಳನ್ನು ಎಳೆದುಕೊಂಡ. ಗುಲಾಬಿಗೆ ಕಂದು ಬೆರೆಸಿದ, ಮೇಲೆ ನೇರಳೆಯ ಒಂದು ಹನಿ ಬಿಟ್ಟ. ಆಕೆಯ ಕೆನ್ನೆಯ ಪಕ್ಕಕ್ಕೆ ರಟ್ಟು ಹಿಡಿದು ಮೂರು ಸಲ ನೋಡಿದ. ಕೊನೆಗೆ ಸಣ್ಣ ಕುಂಚದಿಂದ ಗೊಂಬೆಯ ಕೆನ್ನೆಗೆ ಹಚ್ಚಿದ.

"ಸಾಕೇನ್ರೀ?" ಎಂದ.

ಆಕೆ ಗೊಂಬೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ನಂದು ಸಾಕು. ಇನ್ನ ಬಾಜೂಕ ನಿಂತಾನಲ್ಲ, ಅವನ ಕೈಯಾಗ ಒಂದು ಕಡ್ಡಿಪೆಟ್ಟಿಗಿ ಇಡ್ರಿ."