ಟಾಕಿ ತೊಳೆದ ದೀಪಾವಳಿ

ಇವತ್ತಿಗೂ ಬಚ್ಚಲಿನ ನಳ ಕೆಮ್ಮಿ ನೀರು ಬಿಟ್ಟರೆ ನನಗೆ ಹರಳೆಣ್ಣೆಯ ವಾಸನೆ ಬಂದಂತಾಗುತ್ತದೆ.

ಆಗ ನಾವು ಮಾಳಮಡ್ಡಿಯಲ್ಲಿದ್ದೆವು. ಅವ್ವ ಕಮಲಾ ತೀರಿಕೊಂಡು ವರ್ಷ ಕಳೆದ ಮೇಲೆ ಬಂದ ಮೊದಲ ದೀಪಾವಳಿ ಅದು. ಪ್ರತಿ ವರ್ಷ ನೀರು ತುಂಬುವ ಹಬ್ಬದ ಸಂಜೆ ಅವ್ವ ಕೊಡ, ಹಂಡೆಗಳ ಹಳೆಯ ನೀರು ಚೆಲ್ಲಿ, ತೊಳೆದು, ಹೊಸ ನೀರು ತುಂಬುತ್ತಿದ್ದಳು. ಆ ವರ್ಷ ಅಪ್ಪ ಒಂದನ್ನೂ ಬಿಡಬಾರದೆಂದು ಮಾಳಿಗೆಯ ಮೇಲಿನ ನೀರಿನ ಟಾಕಿಯನ್ನೂ ಬರಿದು ಮಾಡಿ ತೊಳೆದು ತುಂಬಿಸಿದ. ಮರುದಿನ ನನ್ನ ತಲೆಗೆ ಹರಳೆಣ್ಣೆ ಹಚ್ಚಿ ಆದ ಮೇಲೆ ನೋಡಿದರೆ ಬಿಸಿನೀರು ಬರುವ ಸೋಲಾರಿನ ನಳದಲ್ಲಿ ಹನಿ ನೀರಿಲ್ಲ.

"ಪೈಪಿನ್ಯಾಗ ಗಾಳಿ ಹೊಕ್ಕೈತ್ರಿ. ಹಬ್ಬಕ್ಕ ಟಾಕಿ ಯಾರರ ತೊಳಿತಾರೇನ್ರಿ?" ಎಂದು ಪಕ್ಕದ ಮನೆಯ ಕಾಕು ನಕ್ಕರು. "ಹುಡುಗಿನ್ನ ನಮ್ಮನಿಗೆ ಕಳಸ್ರಿ, ನಾ ಎರಿತೇನಿ."

"ಬ್ಯಾಡ್ರಿ ವೈನಿ. ಇಕಿ ಅವ್ವ ಹಟ ಮಾಡಿ ಹಾಕಿಸಿದ ಸೋಲಾರ ಐತಿ. ಅದರ ನೀರ ಆಗಬೇಕು" ಎಂದು ಅಪ್ಪ ನಟ್ಟು ತಿರುಗಿಸುವ ಪಾನಾ ಹಿಡಿದು ಮೇಲೆ ಹೋದ.

ಮಧ್ಯಾಹ್ನದ ತನಕ ಪೈಪಿನ ಒಂದೊಂದೇ ಜೋಡಣೆ ಸಡಿಲಿಸುತ್ತ, "ಬಂತೇನವಾ?" ಎಂದು ಕೂಗುತ್ತಿದ್ದ. ನಾನು ನಳದ ಕೆಳಗೆ ಅಂಗೈ ಒಡ್ಡಿ, "ಇನ್ನೂ ಇಲ್ಲಪ್ಪಾ" ಎನ್ನುತ್ತಿದ್ದೆ. ಎಣ್ಣೆ ಕಿವಿಯ ಹಿಂದಿನಿಂದ ಕತ್ತಿಗೆ ಇಳಿದು ತಣ್ಣಗಾಗಿತ್ತು.

ಕೊನೆಗೆ ಮೇಲೆ ಗಾಳಿ ಸುಯ್ಯೆಂದಿತು. ನಳ ಕೆಮ್ಮಿ ತುಕ್ಕಿನ ಬಣ್ಣದ ನೀರು ಉಗುಳಿತು, ಆಮೇಲೆ ಹಬೆಯಾಡುವ ನೀರು ಬಂತು.

"ಬಂತಪ್ಪಾ" ಎಂದೆ.

"ಕಮಲಾ, ಲಗೂ ಅಕಿ ತಲಿಗೆ ನೀರು ಹಾಕ" ಎಂದು ಅಪ್ಪ ಮಾಳಿಗೆಯಿಂದ ಕೂಗಿದ.

ಬಕೆಟ್ ತುಂಬಿ ಬಿಸಿನೀರು ನನ್ನ ಪಾದದ ಮೇಲೆ ಹರಿಯತೊಡಗಿದರೂ ಅಪ್ಪ ಕೆಳಗೆ ಇಳಿಯಲಿಲ್ಲ.