ಮೂರನೆಯ ಫಿತ್ರಾ

1990ರ ರಂಜಾನ್ ಹಬ್ಬದ ಬೆಳಿಗ್ಗೆ ಖಾಜಾ ಪೀರ್ ಫಿತ್ರಾದ ಗೋಧಿ ಅಳೆಯುತ್ತ ಕೂತಿದ್ದ. ನಮಾಜಿಗೆ ಹೊರಡುವ ಮುಂಚೆ, ಮನೆಯಲ್ಲಿರುವ ತಲೆಗೆ ಎರಡು ಸೇರಿನಂತೆ ಬಡವರಿಗೆ ಮುಟ್ಟಿಸಬೇಕು. ಆ ಬೆಳಗಿನ ಜಾವ ಹುಟ್ಟಿದ ಕೂಸಿಗೂ ಪಾಲುಂಟು, ಸತ್ತವರಿಗಿಲ್ಲ. ತನ್ನದೊಂದು, ಹೆಂಡತಿಯದೊಂದು ಚೀಲ ತುಂಬಿಸಿ ಸೇರನ್ನು ಬೋರಲು ಹಾಕಿದ.

"ಇನ್ನೊಂದು ಪಾಲು ಅಳೀರಿ," ಅಂದಳು ಹೆಂಡತಿ ದಿಲ್ಷಾದ್ ಬೇಗಂ.

"ಮಗಳು ಹೋಗಿ ಐದು ತಿಂಗಳಾಯ್ತು ದಿಲ್ಷಾದ್. ಅವಳಿಗೆ ಫಿತ್ರಾ ಬರಲ್ಲ."

"ಅವಳಿಗಲ್ಲ."

ಮಗಳು ವಜೀರುನ್ನೀಸಾಳದು ಹುಟ್ಟಿನಿಂದಲೇ ಬಂದ ಕಾಯಿಲೆ. ಮುದ್ದಿಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ಎದೆಯಲ್ಲಿ ಕಫ ಅಂಟಿನಂತೆ ಕಟ್ಟಿ, ಹದಿನಾರು ತುಂಬುವಷ್ಟರಲ್ಲಿ ಶ್ವಾಸಕೋಶ ಕೈಕೊಟ್ಟಿತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವನಿಗೆ ಎಲ್ಲಿಯ ಲಂಡನ್ನು? ಆದರೆ ದಿಲ್ಷಾದಳ ಅಣ್ಣ ಅಲ್ಲಿದ್ದ. ತಾಯಿ ಮಗಳಿಬ್ಬರನ್ನೂ ಕರೆಸಿಕೊಂಡ.

ಅಲ್ಲಿಯ ಡಾಕ್ಟರುಗಳು ಸತ್ತವರೊಬ್ಬರ ಗುಂಡಿಗೆ, ಶ್ವಾಸಕೋಶ ಎರಡನ್ನೂ ಅವಳಿಗೆ ಒಟ್ಟಿಗೇ ಕೂರಿಸಿದರು. ಒಟ್ಟಿಗಾದರೆ ಚೆನ್ನಾಗಿ ಹೊಂದುತ್ತದಂತೆ. ಹಾಗೆ ಹೊರತೆಗೆದ ಹುಡುಗಿಯ ಸ್ವಂತ ಗುಂಡಿಗೆ ಗಟ್ಟಿಮುಟ್ಟಾಗಿತ್ತು. ದಿಲ್ಷಾದ್ ಸಹಿ ಹಾಕಿದಳು, ಅದು ಇನ್ನೊಬ್ಬ ರೋಗಿಗೆ ಹೋಯಿತು. ಹನ್ನೊಂದನೇ ದಿನ ಮಗಳು ತೀರಿಕೊಂಡಳು. ಚೆನ್ನಾಗಿದ್ದುದನ್ನೇ ಕೊಟ್ಟು ಬಂದ ಹೆಂಡತಿಯ ಜೊತೆ ಖಾಜಾ ಪೀರ್ ಅಂದಿನಿಂದ ಮನಸ್ಸು ಬಿಚ್ಚಿ ಮಾತಾಡಿರಲಿಲ್ಲ. ಕೋಪ ಅವಳ ಮೇಲೋ, ಜೊತೆಗೆ ಹೋಗದ ತನ್ನ ಮೇಲೋ, ಅವನಿಗೇ ತಿಳಿಯದು.

"ಅಣ್ಣನ ಕಾಗದ ಬಂದಿದೆ," ಅಂದಳು ದಿಲ್ಷಾದ್. "ಆಸ್ಪತ್ರೇಲಿ ವಿಚಾರಿಸಿದ್ನಂತೆ. ನಮ್ಮ ಮಗು ಗುಂಡಿಗೆ ಹಾಕಿಸ್ಕೊಂಡವರು ಮನೆಗೆ ಹೋಗಿ ಓಡಾಡ್ಕೊಂಡಿದ್ದಾರಂತೆ. ಹೆಸರು ಮಾತ್ರ ಹೇಳಲ್ವಂತೆ."

"ಯಾರೋ ಏನೋ. ನಮ್ಮನೆ ಲೆಕ್ಕಕ್ಕೆ ಹ್ಯಾಗೆ ಬರ್ತಾರೆ?"

"ನನ್ನ ಹೊಟ್ಟೇಲಿದ್ದಾಗಿಂದ ಹೊಡ್ಕೊಳ್ತಿರೋದು ಅದು. ಇನ್ನೂ ನಿಂತಿಲ್ಲ ನೋಡಿ."

ಮಸೀದಿಯಲ್ಲಿ ಕೇಳಿದರೆ ಇದನ್ನು ಯಾರೂ ಒಪ್ಪುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದರೂ ಸೇರನ್ನು ಎತ್ತಿ ಮೂಟೆಯೊಳಗೆ ತೂರಿಸಿದ. ಎರಡನೇ ಸೇರು ಸುರಿಯುವಾಗ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಚೀಲದ ಬಾಯಿ ಕಟ್ಟಿ, ತಲೆಯೆತ್ತದೆ ಕೇಳಿದ:

"ಗಂಡೋ, ಹೆಣ್ಣೋ?"